ಕೆಂಪು ಕ್ಲಿಪ್ಪಿನ ಆಡಳಿತ

ಪ್ರಾಣ ಹೋದರೂ ಸರಿ, ಆಫೀಸಿನ ಮೆಟ್ಟಿಲು ಮಾತ್ರ ಹತ್ತುವುದಿಲ್ಲ ಎಂದು ಸಮಾಧಾನಿ ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಶಪಥ ಮಾಡಿದ. ಬಾಯಿ ತುಂಬ ನೊರೆ ಇದ್ದದ್ದರಿಂದ ಯಾರಿಗೂ ಅರ್ಥವಾಗಲಿಲ್ಲ. ಬಾಯಿ ತೊಳೆದುಕೊಂಡು ಇನ್ನೊಮ್ಮೆ ಮಾಡಿದ.

ಫ್ರಿಜ್ ಕೆಟ್ಟುಹೋದ ಗಿರಾಕಿಗಳು ಫೋನಿನಲ್ಲಿ ಬೈಯುವುದನ್ನು ಕೇಳಿಸಿಕೊಂಡು ಸಮಾಧಾನ ಹೇಳುವುದು ಅವನ ಕೆಲಸ. ಆ ಹೆಸರು ಬಂದದ್ದೂ ಹಾಗೆಯೇ. ಮೂರು ವರ್ಷದಿಂದ ಮನೆಯಲ್ಲೇ ಕೂತು ಮಾಡುತ್ತಿದ್ದ. ಈಗ ಕಂಪನಿ, ಒಂದನೇ ತಾರೀಖಿನಿಂದ ಎಲ್ಲರೂ ಆಫೀಸಿಗೇ ಬರಬೇಕೆಂದು ಆದೇಶ ಹೊರಡಿಸಿತ್ತು. ವಿಭಾಗದ ಹದಿನೇಳು ಜನರ ಪರವಾಗಿ ಮನವಿ ಬರೆಯುವ ಹೊಣೆಯನ್ನು ಅವನು ತಾನಾಗಿ ಹೊತ್ತುಕೊಂಡ. ನಾಲ್ಕು ಪುಟ! ಆಫೀಸಿನಲ್ಲಿ ಬರೀ ಗದ್ದಲ, ಮನೆಯಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಶಾಂತಿ, ಸಂಶಯವಿದ್ದವರು ಬಂದು ನೋಡಬಹುದು. ಆ ಕೊನೆಯ ಮಾತನ್ನು ಬರೆ ಎಂದು ಯಾರೂ ಹೇಳಿರಲಿಲ್ಲ. ಕೈ ಓಡುತ್ತಿತ್ತು, ಬರೆದುಬಿಟ್ಟ.

ಶಾಂತಿ ಇದ್ದದ್ದೇನೋ ನಿಜ. ಅದನ್ನು ಕಾಪಾಡುತ್ತಿದ್ದದ್ದು ಬಟ್ಟೆ ಒಣಹಾಕುವ ಒಂದು ಕೆಂಪು ಕ್ಲಿಪ್ಪು. ಕೋಣೆಯ ಬಾಗಿಲ ಹಿಡಿಗೆ ಅದನ್ನು ಸಿಕ್ಕಿಸಿದೆ ಎಂದರೆ ಯಜಮಾನರು ಫೋನಿನಲ್ಲಿದ್ದಾರೆ, ಯಾರೂ ತುಟಿ ಬಿಚ್ಚಬಾರದು. ಕೆಮ್ಮು ಬಂದರೆ ಮಗಳು ಎದ್ದು ಬೀದಿಗೆ ಓಡುತ್ತಿದ್ದಳು.

ಅವನ ಹೆಂಡತಿ ಬಟ್ಟೆ ಹೊಲಿಯುವವಳು. ಮನೆಯಲ್ಲಿ ಒಳ್ಳೆಯ ಬೆಳಕು ಬರುವುದು ಒಂದೇ ಕೋಣೆಗೆ, ಅವಳ ಹೊಲಿಗೆ ಮಷೀನು ಇದ್ದದ್ದು ಅಲ್ಲೇ. ನಾಲ್ಕು ದಿನದ ಮಟ್ಟಿಗೆ ಎಂದು ಮಷೀನಿನ ತಲೆಯನ್ನು ಒಳಕ್ಕೆ ಮಡಚಿ ಮೇಲೆ ಕಂಪ್ಯೂಟರ್ ಇಟ್ಟವನು ಮೂರು ವರ್ಷವಾದರೂ ತೆಗೆದಿರಲಿಲ್ಲ. ಅವಳು ಅಡುಗೆಮನೆಯಲ್ಲಿ ಕೂತು ಕೈಯಲ್ಲೇ ಹೊಲಿದಳು. ಗಿರಾಕಿಗಳು ಎಷ್ಟು ದಿನ ಕಾಯುತ್ತಾರೆ? ಒಬ್ಬೊಬ್ಬರಾಗಿ ಕೈಬಿಟ್ಟರು. ಹೋದ ವಾರ ಪಕ್ಕದ ಬೀದಿಯ ಶಾಲೆಯವರು, ನಲವತ್ತು ಜೊತೆ ಸಮವಸ್ತ್ರ ಹೊಲಿದುಕೊಡುತ್ತೀರಾ, ಮುಂದಿನ ಶುಕ್ರವಾರದೊಳಗೆ ತಿಳಿಸಿ ಎಂದು ಕೇಳಿದ್ದರು. ಅದನ್ನು ಹೇಳಲು ಆಸೆಯಿಂದ ಬಂದವಳಿಗೆ ಅವನು ತಲೆ ಎತ್ತದೆ, "ಈಗ ಕೆಲಸದಲ್ಲಿದೀನಿ, ಆಮೇಲೆ ಮಾತಾಡೋಣ" ಎಂದಿದ್ದ. ದಿನಕ್ಕೆ ಹತ್ತು ಸಲ ಹೇಳುವ ಮಾತು. ಆ 'ಆಮೇಲೆ' ಇನ್ನೂ ಬಂದಿರಲಿಲ್ಲ.

ಬುಧವಾರ ಮೇಲಧಿಕಾರಿಯ ಉತ್ತರ ಬಂತು. ನಾಳೆ ಹನ್ನೊಂದಕ್ಕೆ ಅವರೇ ಬಂದು ನೋಡುತ್ತಾರಂತೆ! ಸಮಾಧಾನಿ ದಂಡನಾಯಕನ ಗತ್ತಿನಲ್ಲಿ ಮನೆಯವರಿಗೆಲ್ಲ ತಾಲೀಮು ಕೊಟ್ಟ. ಬಾಗಿಲ ತಿರುಗಣಿಗಳಿಗೆ ಎಣ್ಣೆ ಬಿಟ್ಟ. ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತದೆಂದು ಅದರ ಸೆಲ್ಲನ್ನೂ ಕಿತ್ತಿಟ್ಟ.

ಮರುದಿನ ಮೇಲಧಿಕಾರಿ ಮೇಡಂ ಬಂದರು. ಬಾಗಿಲ ಮೇಲೆ ಕ್ಲಿಪ್ಪು ಇತ್ತು. ಮಗಳು ಕೈಸನ್ನೆಯಲ್ಲೇ ಕೂರಿಸಿ, ಲೋಟ ಸದ್ದಾಗದಂತೆ ನೀರಿಟ್ಟು, ತುದಿಗಾಲಲ್ಲಿ ಮಾಯವಾದಳು. ಮೇಡಂ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದರು.

"ಇಲ್ಲ ಮೇಡಂ, ನಮ್ಮನೇಲಿ ಯಾವಾಗ್ಲೂ ಹೀಗೇ," ಎಂದು ಕೋಣೆಯಿಂದ ಹೊರಬಂದ ಸಮಾಧಾನಿ ಬೀಗಿದ.

ಕೋಣೆಗೆ ಬಂದ ಮೇಡಂ ಕಂಪ್ಯೂಟರನ್ನು ನೋಡಲೇ ಇಲ್ಲ. ಅದರ ಕೆಳಗಿದ್ದ ಕಬ್ಬಿಣದ ಚಕ್ರವನ್ನೂ ಕಾಲ್ತುಳಿಯನ್ನೂ ನೋಡಿದರು. ಮಷೀನು ಯಾರದೆಂದು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಸ್ವಲ್ಪ ಜೋರಾಗಿ ಹೇಳಿ ಎಂದಾಗ ಅವಳು ಕ್ಲಿಪ್ಪಿನ ಕಡೆ ಬೆರಳು ತೋರಿಸಿದಳು.

ಮೇಡಂ ಬಾಗಿಲಿಗೆ ಹೋಗಿ ಕ್ಲಿಪ್ಪನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡರು.

"ನಂದು ಮೇಡಂ," ಎಂದಳು ಅವಳು. "ನಾನೂ ಮನೆಯಿಂದ್ಲೇ ಕೆಲಸ ಮಾಡೋಳು. ಇವರಿಗಿಂತ ಹತ್ತು ವರ್ಷ ಮೊದಲಿಂದ. ನನ್ನನ್ನ ಯಾರೂ ಕೇಳ್ಲಿಲ್ಲ."

ಅವಳಿಗೆ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚು ದುಃಖವಿತ್ತು. ಊರ ಜನರಿಗೆಲ್ಲ ಸಮಾಧಾನ ಹೇಳಿದವನು ಕಂಪ್ಯೂಟರಿನ ವೈರನ್ನು ಬೆರಳಿಗೆ ಸುತ್ತತೊಡಗಿದ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಮನವಿಯಲ್ಲಿ ನ್ಯಾಯವಿದೆ ಎಂದು ಮೇಡಂ ಒಪ್ಪಿದರು. ವಾರಕ್ಕೆ ಮೂರು ದಿನ ಮನೆ, ಎರಡು ದಿನ ಆಫೀಸು, ಆದರೆ ಮನೆಯವರ ಒಪ್ಪಿಗೆ ಇದ್ದರೆ ಮಾತ್ರ ಎಂದರು. ಹದಿನಾರು ಜನ ಗೆದ್ದರು. ಹದಿನೇಳನೆಯವನು ಹೆಂಡತಿಯ ಮುಖ ನೋಡಿ, "ನಾನು ದಿನಾ ಬರ್ತೀನಿ ಮೇಡಂ" ಎಂದ. ಸಂಜೆ ತಾನೇ ಕಂಪ್ಯೂಟರ್ ಎತ್ತಿ, ಮಷೀನಿನ ಧೂಳು ಒರೆಸಿಕೊಟ್ಟ. ಶುಕ್ರವಾರ ಅವಳು ಶಾಲೆಗೆ ಹೋಗಿ ಹೂಂ ಎಂದು ಬಂದಳು.

ಒಂದನೇ ತಾರೀಖು ಆಫೀಸಿನಲ್ಲಿ ಅವನಿಗೆ ಸಿಕ್ಕಿದ್ದು ಕಾಲು ಕುಂಟುವ ಕುರ್ಚಿ. ಹನ್ನೊಂದಕ್ಕೆ ಮನೆ ನೆನಪಾಗಿ ಫೋನು ಮಾಡಿದ. ಆ ಕಡೆ ಮಷೀನು ಗಡಗಡ ಓಡುತ್ತಿತ್ತು. "ಈಗ ಕೆಲಸದಲ್ಲಿದೀನಿ, ಆಮೇಲೆ ಮಾತಾಡೋಣ" ಎಂದು ಹೆಂಡತಿ ಫೋನಿಟ್ಟಳು.

ಸಂಜೆ ಹೇಳಿಕೊಳ್ಳಲು ಹೊಟ್ಟೆ ತುಂಬ ದೂರು ತುಂಬಿಕೊಂಡು ಬಂದ. ಕೋಣೆಯ ಬಾಗಿಲಲ್ಲಿ ಕೆಂಪು ಕ್ಲಿಪ್ಪು. ಒಳಗೆ ಅವಳು ಯಾರಿಗೋ ಫೋನಿನಲ್ಲಿ ತೋಳಿನ ಅಳತೆ ಕೇಳುತ್ತಿದ್ದಳು. ಕಾನೂನು ಮಾಡಿದವನಿಗೆ ಕಾನೂನು ಗೊತ್ತಿರದೆ ಇರುತ್ತದೆಯೇ? ಬೂಟುಗಳನ್ನು ಕೈಯಲ್ಲಿ ಹಿಡಿದು ಸದ್ದಿಲ್ಲದೆ ಗೋಡೆಗೊರಗಿ ಕೂತ.

ಅಷ್ಟರಲ್ಲಿ ಕೆಮ್ಮು ಬಂತು. ಎದ್ದು ಬೀದಿಗೆ ಓಡಿದ.