ಗೀಚಿಲ್ಲದ ಗ್ರಾಮಫೋನ್ ತಟ್ಟೆ

ನಮ್ಮ ಮನೆಗೆ ಯಾವ ಸುದ್ದಿ ಬಂದರೂ ನನ್ನ ಕೈಗೆ ಹಿಟ್ಟು ಮೆತ್ತಿಕೊಂಡಿರುವಾಗಲೇ ಬರುತ್ತದೆ. ಆವತ್ತು ಮಾಳಿಗೆಯ ಮೇಲೆ ಹಳೇ ಸೀರೆ ಹಾಸಿ ಹಪ್ಪಳ ಒಣಹಾಕುತ್ತಿದ್ದೆ. ಕೆಳಗಿನಿಂದ ನಮ್ಮ ಮನೆಯವರು ಕೂಗಿದರು. "ಏ, ಇಳಿದು ಬಾ! ಅವ್ವ ಅಂಗಡಿಗೆ ಬರಾಕ ಒಪ್ಪ್ಯಾಳ!" ಹಪ್ಪಳ ಕಾಗೆಗೆ ಬಿಟ್ಟು ಓಡಿದೆ. ಅಂಥ ಸುದ್ದಿ ಅದು.

ಕೊಟ್ಟೂರಿನಲ್ಲಿ ನಮ್ಮದು ಮೈಕ್ ಸೆಟ್ ಅಂಗಡಿ. ಶುರು ಮಾಡಿದವರು ನಮ್ಮ ಮಾವನವರು. ಕೂಡ್ಲಿಗಿಯಿಂದ ಹಡಗಲಿಯವರೆಗೆ ಎಲ್ಲಿ ಲಗ್ನವಾದರೂ ಬಸ್ಸಿನ ಮೇಲೆ ಹಾರ್ನು ಕಟ್ಟಿಕೊಂಡು, ಗ್ರಾಮಫೋನ್ ತಟ್ಟೆಗಳ ಪೆಟ್ಟಿಗೆಯನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದರು. ಊರಲ್ಲಿದ್ದ ದಿನ ನಸುಕಿಗೆ ಅಂಗಡಿಯ ಬಾಗಿಲು ತೆರೆದು ಮೊದಲು ಹಾಕುವುದು ಒಂದೇ ದೇವರ ಹಾಡು. "ದೀಪವ ಹಚ್ಚೇನಿ, ಬಾಗಿಲ ತೆರೆದೇನಿ, ತೆರೆದೇನಿ, ತೆರೆದೇನಿ, ಬಾರೋ ಒಳಗೆ ಗುರುವೇ" ಅಂತ. ಮದುವೆಯಾಗಿ ಬಂದ ಹೊಸದರಲ್ಲಿ ಒಲೆಯ ಮುಂದೆ ಕೂತು ಕೇಳಿ ಕೇಳಿಯೇ ಆ ಹಾಡು ಕಲಿತೆ. ದೇವರಿಗೆ ಮೂರು ಸಲ ಬಾಗಿಲು ತೆರೆಯುವ ಆ ಭಕ್ತಿಗೆ ನನ್ನ ಕಣ್ಣು ಒದ್ದೆಯಾಗುತ್ತಿತ್ತು. ಮುಂದೆ ಓಣಿಯ ಹೆಂಗಸರಿಗೆಲ್ಲ ನಾನೇ ಕಲಿಸಿದೆ. ದಾವಣಗೆರೆ ಕಡೆಯಿಂದ ಬಂದ ಪಕ್ಕದ ಮನೆಯ ಸುಮಂಗಲಾ ಸೋಮವಾರದ ಭಜನೆಯಲ್ಲಿ "ತೆರೆದೇನಿ" ಅಂತ ಒಂದೇ ಸಲ ಹಾಡಿ ಮುಂದಕ್ಕೆ ಹೋದಾಗ ಎಲ್ಲರೆದುರೇ ಅಂದುಬಿಟ್ಟಿದ್ದೆ. "ಯಾಕ್ರಿ ಇಷ್ಟು ಅವಸರ? ದೇವ್ರು ಬಾಗಿಲ ಹತ್ರ ಬರೂದ್ರಾಗ ಮುಚ್ಚಿಬಿಟ್ರಲ್ರಿ!" ಪಾಪ, ಅವರು ಮುಖ ಸಣ್ಣಗೆ ಮಾಡಿಕೊಂಡು ತಿದ್ದಿಕೊಂಡರು.

ಮಾವನವರು ಶಿವನ ಪಾದ ಸೇರಿದರು. ಮುಂದಿನ ಬೇಸಿಗೆಯಲ್ಲಿ ತಗಡಿನ ಸೂರಿನ ಅಂಗಡಿಯೊಳಗೆ ಅವರ ತಟ್ಟೆಗಳೆಲ್ಲ ನನ್ನ ಹಪ್ಪಳದ ಹಾಗೆ ಮುದುಡಿಕೊಂಡವು. ಯಾರ ತಪ್ಪೂ ಅಲ್ಲ, ನಮ್ಮೂರ ಬಿಸಿಲೇ ಹಾಗೆ. ತಟ್ಟೆಗಳು ಗುಜರಿಗೆ ಹೋದವು, ಅಂಗಡಿಗೆ ಕ್ಯಾಸೆಟ್ಟು ಬಂತು, ಆಮೇಲೆ ಸೀಡಿ. ಆದರೆ ನಮ್ಮತ್ತೆ ಅಂದಿನಿಂದ ಅಂಗಡಿಯ ಹೊಸ್ತಿಲು ತುಳಿಯಲಿಲ್ಲ. "ಅವರ ತಟ್ಟಿ ಇಲ್ಲದ ಅಂಗಡ್ಯಾಗ ನನಗೇನು ಕೆಲಸ?" ಎನ್ನುತ್ತಿದ್ದರು. ಮಗ ಹಬ್ಬಕ್ಕೊಮ್ಮೆ ಕರೆಯುವುದು, ತಾಯಿ ಒಲ್ಲೆ ಎನ್ನುವುದು, ಆವತ್ತು ಮಗ ಸರಿಯಾಗಿ ಉಣ್ಣದೆ ಏಳುವುದು. ಇಷ್ಟು ವರ್ಷ ಇದೇ ನಡೆದಿತ್ತು.

ಈಗ ಅಂಗಡಿಗೆ ಹೊಸ ಬೋರ್ಡು ಹಾಕಿಸುವವರಿದ್ದೆವು. ಅತ್ತೆ ಸೋಮವಾರ ಬರಲು ಒಪ್ಪಿದ್ದರು, ಆದರೆ ಒಂದು ಕರಾರು. "ಬೋರ್ಡಿನ ಮ್ಯಾಲ ನಿಮ್ಮಪ್ಪ ನಸುಕಿಗೆ ಹಾಕ್ತಿದ್ದ ದೇವ್ರ ಹಾಡಿನ ತಟ್ಟಿ ಇರ್ಬೇಕು. ನನಗ ಗುರ್ತು ಸಿಕ್ಕರ ಒಳಗ ಬರ್ತೀನಿ. ಇಲ್ಲಾಂದ್ರ ಬಂದ ದಾರಿ ಹಿಡೀತೀನಿ, ನೋಡಪಾ."

ಅಸಲಿ ತಟ್ಟೆ ಇಲ್ಲ, ಅದರ ಫೋಟೋ ಕೂಡ ಇಲ್ಲ. ಇದ್ದದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ ಫೋಟೋ ತಿದ್ದುವ ಕೆಲಸ ಕಲಿಯುತ್ತಿದ್ದ ನಮ್ಮ ಮಗಳು ಲೀಲಾ, ಮತ್ತೆ ಆ ತಟ್ಟೆಗಳನ್ನು ಮಾವನವರ ಹಳೇ ಧೋತ್ರದ ತುಂಡಿನಿಂದ ಒರೆಸುತ್ತಿದ್ದ ನಾನು. "ಅಮ್ಮಾ, ನೀನು ಹೇಳು, ನಾ ಮಾಡ್ತೀನಿ" ಎಂದಳು. ವಿಭೂತಿ ಹಚ್ಚಿಕೊಂಡು, ಬಸವಣ್ಣನಿಗೆ ಕೈಮುಗಿದು ಹೋಗಿ ಕಂಪ್ಯೂಟರಿನ ಮುಂದೆ ಕೂತೆ.

ಮೊದಲು ಒಂದು ಕರಿ ಗುಂಡು ಬರೆದಳು. "ಇದು ರೊಟ್ಟಿ ಹಂಚು" ಎಂದೆ. ನಡುವೆ ಕೆಂಪು ಚೀಟಿ ಅಂಟಿಸಿ ತೂತು ಇಟ್ಟಳು. "ಈಗ ಕುಂಕುಮ ಹಚ್ಚಿದ ರೊಟ್ಟಿ ಹಂಚು." ಅವಳಿಗೆ ಸಿಟ್ಟು ಬಂತು. "ಹಂಗಾರ ಗೆರಿ ಹೆಂಗಿದ್ವು, ಸರಿಯಾಗಿ ಹೇಳು!" ನಾನು ಬೆರಳು ಸುತ್ತಿಸಿ ತೋರಿಸಿದೆ. ಅವಳು ಕರಿ ಗುಂಡಿನ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿ ಉದುರಿಸಿ, ಏನೋ ಒತ್ತಿ ಗರ್ರನೆ ತಿರುಗಿಸಿದಳು. ಆ ರವೆಯೆಲ್ಲ ಎಳೆ ಎಳೆಯಾಗಿ ಸುತ್ತಿಕೊಂಡು ಗೆರೆಗಳಾಗಿಬಿಟ್ಟವು! ಶಿವ ಶಿವಾ ಎಂದೆ. ಬಳಿಕ ಹೊಳಪಿನ ಜಗಳ. ಬೆಳಕು ತಟ್ಟೆಯ ತುಂಬ ಹರಡುವುದಿಲ್ಲ, ತೂತಿನಿಂದ ಎರಡೂ ಕಡೆಗೆ ಬೀಸಣಿಗೆ ಬಿಚ್ಚಿದ ಹಾಗೆ ನಿಲ್ಲುತ್ತದೆ ಅಂತ ನಾನು. ಅದನ್ನು ಇನ್ನೊಂದು ಪದರದಲ್ಲಿ ಮಾಡಬೇಕು ಅಂತ ಅವಳು. ಒಂದರ ಮೇಲೊಂದು ಪದರವಂತೆ, ತಪ್ಪಿದರೆ ಒತ್ತಿ ಹಿಂದಕ್ಕೆ ಹೋಗಬಹುದಂತೆ. ಸಾರಿಗೆ ಉಪ್ಪು ಹೆಚ್ಚಾದಾಗ ಇಂಥದ್ದೊಂದು ಗುಂಡಿ ನಮಗೂ ಇದ್ದಿದ್ದರೆ ಎಂದುಕೊಂಡೆ. ಕೆಲಸ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಅಷ್ಟರಲ್ಲಿ ಅವಳು ಚಿತ್ರವನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಂಡಿದ್ದಳು. ದೇವರು ಇಂಥ ಸಣ್ಣ ಸಣ್ಣ ಕಡೆಯೇ ಕೈ ಹಿಡಿಯುವುದು.

ಸಂಜೆ ಕಾಗದದ ಮೇಲೆ ತೆಗೆಸಿ ತಂದೆವು. ಕೈಯಿಟ್ಟರೆ ತಣ್ಣಗೆ ತಾಗೀತು, ಅಂಥ ಚಿತ್ರ. ಅತ್ತೆ ಚಾಳೀಸಿನ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಚಂದ ಐತಿ. ಆದ್ರ ಇದು ನಮ್ಮದಲ್ಲ."

ನಮ್ಮ ಮನೆಯವರು ಗೋಡೆಗೆ ಒರಗಿಬಿಟ್ಟರು. ಲೀಲಾ ಅಳುವುದೊಂದು ಬಾಕಿ. "ಇನ್ನೇನು ಕಡಿಮಿ ಆಗೇತಿ, ಅಜ್ಜಿ? ಒಂದು ಚುಕ್ಕಿ ಧೂಳ ಬಿಟ್ಟಿಲ್ಲ ನಾನು!"

"ಅದಕ್ಕ ಅಂದೆ. ಗೀಚು ಎಲ್ಲಿ? ನಿಮ್ಮಪ್ಪ ಸಣ್ಣವಿದ್ದಾಗ ಬುಗುರಿ ಮೊಳಿಲೆ ಗೀಚಿದ್ದ, ಚೀಟಿಯಿಂದ ಅಂಚಿನ ಮಟ. ಹಾಡು ಬಾಗಿಲ ತೆರೆಯೂ ಜಾಗಕ್ಕ ಬಂದ್ರ ಮುಳ್ಳು ಆ ಗೀಚಿಗೆ ಸಿಕ್ಕೊಂಡು ತೆರೆದೇನಿ, ತೆರೆದೇನಿ ಅಂತ ನಿಂತು ಬಿಡ್ತಿತ್ತು. ಮೂರು ಆಗೂ ಮಟ ಬಿಟ್ಟು ನಿಮ್ಮಜ್ಜ ಬೆರಳಿಲೆ ದೂಡ್ತಿದ್ರು. ದೇವ್ರ ಹಾಡು, ಮೂರು ಇರ್ಲಿ ಬಿಡು ಅಂತಿದ್ರು."

ನಮ್ಮ ಮನೆಯವರು ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ನಾನು ಮಾತ್ರ ನಗಲಿಲ್ಲ. ಆ ಗೀಚನ್ನು ಕೂದಲೆಂದುಕೊಂಡು ಎಷ್ಟು ಸಲ ತಿಕ್ಕಿದ್ದೆನೋ! ಇಡೀ ಓಣಿಗೆ ನಾನು ಕಲಿಸಿದ ಭಕ್ತಿ ಬುಗುರಿ ಮೊಳೆಯದ್ದೇ?

ಲೀಲಾ ಒಂದೇ ಎಳೆತಕ್ಕೆ ಗೀಚು ಎಳೆದಳು. ಸೋಮವಾರ ಬೋರ್ಡು ಏರಿತು. ಅತ್ತೆ ಬೀದಿಯಲ್ಲಿ ನಿಂತು ಕತ್ತೆತ್ತಿದರು, ಬೆರಳಿನಿಂದ ಗಾಳಿಯಲ್ಲೇ ಆ ಗೀಚನ್ನು ಒಮ್ಮೆ ಸವರಿದರು, ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದರು. ಆ ದಿನ ನಮ್ಮ ಮನೆಯವರು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ನನಗೆ ಅಷ್ಟು ಸಾಕು.

ಸಂಜೆ ಮಾಳಿಗೆ ಏರಿ, ಒಣಗಿದ್ದ ಹಪ್ಪಳ ಆರಿಸುತ್ತ ಹಾಡನ್ನು ಗುನುಗಿದೆ. "ತೆರೆದೇನಿ" ಅಂತ ಒಂದೇ ಸಲ ಹೇಳಿ ನೋಡಿದೆ. ದೇವರನ್ನು ಅರ್ಧ ಮೆಟ್ಟಿಲಿನಲ್ಲಿ ನಿಲ್ಲಿಸಿ ಬಂದ ಹಾಗಾಯಿತು. ಅದೇ ಹೊತ್ತಿಗೆ ಪಕ್ಕದ ಮನೆಯಿಂದ ಸುಮಂಗಲಾ ದೀಪ ಹಚ್ಚಿ ಹಾಡುವುದು ಕೇಳಿಸಿತು. ನನಗೆ ಹೆದರಿ ಕಲಿತ ಆ ಹೆಣ್ಣುಮಗಳು ಮೂರಕ್ಕೆ ಮೂರೂ ಸಲ ಬಾಗಿಲು ತೆರೆದಳು. ಹೋಗಿ ನಿಜ ಹೇಳಬೇಕು ಅನ್ನಿಸಿತು, ಒಂದು ಕಾಲನ್ನು ಮೆಟ್ಟಿಲಿಗೆ ಇಟ್ಟೂ ಇಟ್ಟೆ. ಆದರೆ ಮಂಜು ಬೀಳುವ ಮುಂಚೆ ಹಪ್ಪಳ ಡಬ್ಬಿಗೆ ತುಂಬಬೇಕಿತ್ತಲ್ಲ, ತಿರುಗಿ ಬಂದು ತುಂಬತೊಡಗಿದೆ. ಮುದುಡಿದವನ್ನು ಮುರಿಯದ ಹಾಗೆ ಎಲ್ಲಕ್ಕಿಂತ ಮೇಲೆ ಇಟ್ಟೆ.