ಕ್ಯಾಂಡಿಡೇಟಿನ ಶಾಮಿಯಾನ

ಚಾಮರಾಜಪೇಟೆಯಲ್ಲಿ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ ನನ್ನದು. ನಮಗೆ ಸೀಸನ್ ಮೂರು: ಮದುವೆ, ಸಾವು, ಎಲೆಕ್ಷನ್ನು. ಮದುವೆಮನೆಯಲ್ಲಿ ಅಳುವವರನ್ನೂ ಸಾವಿನ ಮನೆಯಲ್ಲಿ ನಗುವವರನ್ನೂ ಬೇಕಾದಷ್ಟು ನೋಡಿದ್ದೇನೆ. ಎಲೆಕ್ಷನ್ ಬಂತೆಂದರೆ ಎರಡೂ ಒಂದೇ ಶಾಮಿಯಾನದ ಕೆಳಗೆ ನಡೆಯುತ್ತವೆ.

ಪಕ್ಷದ ಆಸ್ತಿ

ನನ್ನ ಸ್ಕೂಲಿನ ಗೆಳೆಯನೊಬ್ಬ ಮೀಸೆ ಮೂಡುವ ಮೊದಲಿನಿಂದ ಒಂದೇ ಪಕ್ಷದ ಬಾವುಟ ಕಟ್ಟಿದವನು. ಪ್ರತಿ ವಿಧಾನಸಭಾ ಚುನಾವಣೆಗೂ ಟಿಕೆಟ್ ಕೇಳುತ್ತಿದ್ದ. ಕೇಳಿ ಕೇಳಿ, ಬೀದಿಯವರೆಲ್ಲ ಅವನನ್ನು ‘ಕ್ಯಾಂಡಿಡೇಟು’ ಅಂತಲೇ ಕರೆಯುತ್ತಿದ್ದರು. ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ. ಆದರೂ ಈ ಸಲ ಮತ್ತೆ ಕೇಳಿ ಬಂದ.

“ಏನಂದ್ರೋ?”

“ನಿಮ್ಮಂಥೋರು ಪಕ್ಷದ ಆಸ್ತಿ ಅಂದ್ರು ಕಣೋ.”

“ಹುಷಾರು. ಆಸ್ತಿ ಅಂದ್ಮೇಲೆ ಅಡ ಇಡ್ತಾರೆ, ಇಲ್ಲ ಮಾರ್ತಾರೆ. ಮುಂದಿನ ಸಲ ನೋಡಿದ್ರಾಯ್ತು ಬಿಡು.”

“ಮುಂದಿನ ಸಲದ ಬಗ್ಗೆ ಪಕ್ಷದೋರು ಭರವಸೆ ಕೊಟ್ಟಿದಾರೆ. ಡಾಕ್ಟ್ರು ಕೊಟ್ಟಿಲ್ಲ.”

ರಿಹರ್ಸಲ್

ಅಷ್ಟರಲ್ಲಿ ಪಕ್ಷಕ್ಕೆ ಹೊಸ ಹುಚ್ಚು ಹಿಡಿಯಿತು: ಓಪನ್ ಪ್ರೈಮರಿ. ಕ್ಯಾಂಡಿಡೇಟನ್ನು ಹೈಕಮಾಂಡ್ ಅಲ್ಲ, ಕ್ಷೇತ್ರದ ಮತದಾರರೇ ಆರಿಸಬೇಕು. ಪಕ್ಷದ ಸದಸ್ಯರೇ ಆಗಿರಬೇಕೆಂದಿಲ್ಲ, ಯಾರು ಬೇಕಾದರೂ ಬಂದು ಓಟು ಹಾಕಬಹುದು. ಇದು ಬೇಕೋ ಬೇಡವೋ ಎಂದು ಚರ್ಚೆ ಇಟ್ಟರು. ಶಾಮಿಯಾನ ನನ್ನದೇ. ಗೆಳೆಯ ಮೊದಲ ಸಾಲಿನಲ್ಲಿ ಕೂತು ಎಲ್ಲದಕ್ಕೂ ಚಪ್ಪಾಳೆ ಹೊಡೆದ. ಅವನಿಗೆ ಉಳಿದಿದ್ದ ದಾರಿ ಅದೊಂದೇ. ಮಲ್ಲೇಶ್ವರದಿಂದ ಬಂದ ಪ್ರೊಫೆಸರರು ಪ್ರಜಾಪ್ರಭುತ್ವದ ಬೇರು, ಕಾಂಡ, ಕೊಂಬೆ ಎಲ್ಲ ವಿವರಿಸಿ ಮುಗಿಸಿದರು. ಸೊಪ್ಪು ಮಾರುವ ಅಜ್ಜಿಯೊಬ್ಬರು ಎದ್ದು ನಿಂತರು.

“ಮತ್ತೆ ಆಮೇಲೆ ನಾವು ಹಾಕೋ ಓಟು ಯಾತಕ್ಕೆ ಸ್ವಾಮಿ?”

“ಅದು ನಿಜವಾದ ಎಲೆಕ್ಷನ್ ಅಮ್ಮ. ಇದು ಅದಕ್ಕೆ ಮುಂಚಿಂದು.”

“ಓಹೋ! ಟೋಪಿ ಹಾಕಿಸ್ಕೊಳ್ಳೋಕೂ ರಿಹರ್ಸಲ್ಲಾ!”

ಓಪನ್ ಅಂದ್ರೆ ಓಪನ್

ಕೊನೆಗೆ ನಮ್ಮ ಕ್ಷೇತ್ರದಲ್ಲೇ ಪ್ರಯೋಗ. ಭಾನುವಾರ ಕ್ಯೂ ನೋಡಿದರೆ ಅರ್ಧಕ್ಕರ್ಧ ಎದುರು ಪಕ್ಷದ ಹುಡುಗರು.

“ನಿಮಗೇನ್ರೋ ಇಲ್ಲಿ ಕೆಲಸ?”

“ಓಪನ್ ಅಲ್ವಾ ಅಣ್ಣ? ಆಮೇಲೆ ಯಾರನ್ನ ಸೋಲ್ಸೋದು ಸುಲಭಾನೋ, ಅವರನ್ನ ಈಗ ಗೆಲ್ಲಿಸ್ತಿದೀವಿ.”

ಗೆಳೆಯ ಭಾರಿ ಅಂತರದಿಂದ ಗೆದ್ದ. ಸಂಜೆ ಅಂಗಡಿಗೆ ಬಂದು ನನ್ನನ್ನು ತಬ್ಬಿಕೊಂಡ. “ನೋಡ್ದ್ಯೇನೋ, ಎದುರು ಪಕ್ಷದೋರೂ ನಂಗೇ ಹಾಕಿದಾರೆ!”

ನಾನು ವ್ಯಾಪಾರಿ. ಗಿರಾಕಿ ಖುಷಿಯಲ್ಲಿರುವಾಗ ಮಾಲಿನ ಹುಳುಕು ಹೇಳುವುದಿಲ್ಲ.

ಟಿಕೆಟ್

ಹೈಕಮಾಂಡ್ ‘ಜನರ ತೀರ್ಪಿಗೆ ತಲೆಬಾಗುತ್ತೇವೆ’ ಎಂದಿತು. ತಲೆಬಾಗಿಸಿಕೊಂಡೇ, ಎದುರು ಪಕ್ಷದಿಂದ ಆಗಷ್ಟೇ ಹಾರಿ ಬಂದವನಿಗೆ ಟಿಕೆಟ್ ಕೊಟ್ಟಿತು. ಮರುದಿನ ಬೆಳಿಗ್ಗೆ ಪಕ್ಕದ ಹೂವಿನಂಗಡಿಯವನು ಓಡಿ ಬಂದ.

“ಅಣ್ಣ, ನಿಮ್ಮ ಕ್ಯಾಂಡಿಡೇಟು ಟಿಕೆಟ್ ತಗೊಂಡ್ಬಿಟ್ರು!”

“ಕೊನೆಗೂ ಕೊಟ್ರಾ?”

ಅವನು ಬೆರಳು ಮೇಲೆ ತೋರಿಸಿದ.

“ಯಾರು, ಹೈಕಮಾಂಡಾ?”

“ಇನ್ನೂ ಮೇಲೆ ಅಣ್ಣ.”

ಯಾವ ಪಕ್ಷ?

ಗೆಳೆಯನ ಮನೆ ಮುಂದೆ ಶಾಮಿಯಾನ ಹಾಕಿಸಿದೆ. ಚರ್ಚೆಗೆ ಹೋಗಿದ್ದ ಅದೇ ಕುರ್ಚಿಗಳು. ಎರಡೂ ಪಕ್ಷದ ಲೀಡರುಗಳು ಹಾರ ಹಿಡಿದು ಬಂದರು. ಟಿಕೆಟ್ ಹೊಡೆದುಕೊಂಡವನೂ ಬಂದು ಕಣ್ಣೊರೆಸಿಕೊಂಡು, ಪಕ್ಷದ ಬಾವುಟ ಹೊದಿಸಲು ಬಗ್ಗಿದ. ಗೆಳೆಯನ ಹೆಂಡತಿ ಕೈ ಅಡ್ಡ ಹಿಡಿದರು. ಅವನು ಬಾವುಟ ಮಡಚಿಕೊಂಡು ಹಿಂದೆ ಸರಿದ.

ಚುನಾವಣಾ ನೀತಿಸಂಹಿತೆ ಜಾರಿಯಲ್ಲಿತ್ತಲ್ಲ. ಜನ, ಲೀಡರು, ಶಾಮಿಯಾನ ಎಲ್ಲ ಒಟ್ಟಿಗೆ ಕಂಡು, ಚುನಾವಣಾ ಖರ್ಚಿನ ಲೆಕ್ಕ ಹಿಡಿಯುವ ಸ್ಕ್ವಾಡಿನ ಜೀಪು ನಿಂತಿತು. ಅಧಿಕಾರಿ ಇಳಿದವನೇ ಕುರ್ಚಿ ಎಣಿಸತೊಡಗಿದ. ಜನ ಅಡ್ಡ ನಿಂತಿದ್ದರಿಂದ ಹೆಣ ಅವನಿಗೆ ಕಾಣಿಸಿರಲಿಲ್ಲ.

“ಇದನ್ನ ಯಾವ ಕ್ಯಾಂಡಿಡೇಟ್ ಖರ್ಚಿಗೆ ಬರ್ಕೋಬೇಕ್ರೀ?”

ನಾನು ಬಾಯಿ ತೆರೆಯುವಷ್ಟರಲ್ಲಿ ಗೆಳೆಯನ ಹೆಂಡತಿ ತಲೆ ಎತ್ತದೆ ಹೇಳಿದರು: “ಇಲ್ಲೇ ಮಲಗಿದಾರಲ್ಲ, ಇವರೇ ಕ್ಯಾಂಡಿಡೇಟು.”

ಅವನು ಬರೆದುಕೊಳ್ಳುತ್ತಲೇ ಅವರನ್ನೇ ಕೇಳಿದ: “ಯಾವ ಪಕ್ಷ?”

“ಇವತ್ತು ಬೆಳಿಗ್ಗೆಯಿಂದ ಪಕ್ಷೇತರ.”