ತೆಂಗಿನಕಾಯಿಲೆ

ಒಬ್ಬ ಒಳ್ಳೆಯ ಮನುಷ್ಯನ ಪೇಚನ್ನು ಹೀಗೆ ಊರಿಗೆಲ್ಲ ಹೇಳುವುದು ಸರಿಯಲ್ಲ ಎಂದು ಗೊತ್ತು. ಹೇಳದೆ ಇರಲೂ ಆಗುತ್ತಿಲ್ಲ. ಕ್ಷಮಿಸಬೇಕು.

ಅರಸೀಕೆರೆಯ ಚನ್ನೇಶ್ ಸಂಜೆ ಕಾಲೇಜಿನಲ್ಲಿ ಓದಿದವನು. ಭಾನುವಾರ ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಬರೆಯುವುದನ್ನು ಕಲಿಸುತ್ತಿದ್ದ. ಉಳಿದ ದಿನ ಕಂಡವರ ಹಸ್ತಪ್ರತಿ ತಿದ್ದುತ್ತಿದ್ದ. ಆದರೆ ಇದುವರೆಗೆ ಒಂದು ಪುಸ್ತಕದಲ್ಲೂ ಅವನ ಹೆಸರು ಅಚ್ಚಾಗಿರಲಿಲ್ಲ. ಹಳೇಬೀಡಿನ ಕೊಬ್ಬರಿ ವ್ಯಾಪಾರಿ ಗಂಗಾಧರಪ್ಪನವರು ತಮ್ಮ ಆತ್ಮಕಥೆಯಲ್ಲಿ ಅವನ ಹೆಸರು ಹಾಕಿಸುವುದಾಗಿ ಮಾತು ಕೊಟ್ಟು, ತಿದ್ದಲು ಕೊಡುವಾಗಲೇ ಮೊದಲ ಪುಟದಲ್ಲಿ ತಮ್ಮ ಕೈಯಾರೆ ಸೇರಿಸಿಯೂ ಇದ್ದರು.

ಗಂಗಾಧರಪ್ಪನವರಿಗೆ ಅಕಾರ, ಹಕಾರ ಎರಡೂ ಒಂದೇ. ಮಠದ ಭಕ್ತರಾದ ಅವರ ಮನೆಯಲ್ಲಿ ದಿನವೂ 'ಹಕ್ಕಿ' ಬೇಯುತ್ತಿತ್ತು. ಚನ್ನೇಶ್ ಎಂಟು ತಿಂಗಳು ಕೂತು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದೇ ಆರಿಸಿ ತಿದ್ದಿದ್ದ.

ಬಿಡುಗಡೆಯ ದಿನ ಬೆಳಿಗ್ಗೆ, ತಿದ್ದುವುದೆಂದರೆ ಹೇಗಿರಬೇಕು ಎಂದು ತೋರಿಸಲು, ಲ್ಯಾಪ್‌ಟಾಪಿನಲ್ಲಿದ್ದ ಕೊನೆಯ ಪ್ರತಿಯ ಒಂದು ಪುಟವನ್ನು ಕ್ಲಾಸಿನ ಲತಾಮಣಿಯಿಂದ ಓದಿಸಿದ. ಅವಳು ನಡುವೆ ನಿಲ್ಲಿಸಿದಳು.

"ಸಾರ್, 'ಅಮ್ಮನಿಗೆ ತೆಂಗಿನಕಾಯಿಲೆ ಬಂತು' ಅಂತೈತೆ. ಅದ್ಯಾವ ಕಾಯಿಲೆ ಸಾರ್?"

ಚನ್ನೇಶ್ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡ. ನಮ್ಮ ಕಡೆ ಕಾಯಿ ಎಂದರೆ ತೆಂಗಿನಕಾಯಿಯೇ. ಹೊರಗಿನ ಓದುಗರಿಗೆ ತಿಳಿಯುತ್ತದೋ ಇಲ್ಲವೋ ಎಂಬ ಅಳುಕಿನಲ್ಲಿ, ಪ್ರೆಸ್ಸಿಗೆ ಕಳಿಸುವ ಕೊನೆಯ ದಿನ, 'ಕಾಯಿ' ಇದ್ದಲ್ಲೆಲ್ಲ 'ತೆಂಗಿನಕಾಯಿ' ಆಗಲಿ ಎಂದು ಕಂಪ್ಯೂಟರಿಗೆ ಒಂದೇ ಅಪ್ಪಣೆ ಕೊಟ್ಟಿದ್ದ. ಅದು ಹೇಳಿದಷ್ಟು ಮಾಡುವ ಯಂತ್ರ. ಹಾಲನ್ನು ತೆಂಗಿನಕಾಯಿಸಿತ್ತು, ಸಾರಿಗೆ ಮೆಣಸಿನತೆಂಗಿನಕಾಯಿ ಹಾಕಿತ್ತು.

ಕ್ಲಾಸು ಬಿಟ್ಟು ಹಳೇಬೀಡಿನ ಬಸ್ಸು ಹತ್ತಿದ. ಗಂಗಾಧರಪ್ಪನವರು ಫೋನು ತೆಗೆಯಲಿಲ್ಲ. ಪಕ್ಕದ ಸೀಟಿನಲ್ಲಿ ಅವರ ತಂಗಿ ಗುರುಸಿದ್ದಮ್ಮ, ಅದೇ ಸಮಾರಂಭಕ್ಕೆ ಹೊರಟವರು. ಯಾಕೆ ಹೀಗೆ ಬೆವರುತ್ತಿದ್ದೀಯ ಎಂದು ಬಿಡದೆ ಕೇಳಿದರು. ಅವನು ಎಲ್ಲ ಹೇಳಿದ. ಬಸ್ಸಿನ ಗದ್ದಲದಲ್ಲಿ ಅವರಿಗೆ ಕೇಳಿಸಿದ್ದು ಎರಡೇ ಮಾತು: ಗಂಗಾಧರಪ್ಪ, ಕಾಯಿಲೆ. ಬಸ್ಸು ಜಾವಗಲ್ ದಾಟುವಷ್ಟರಲ್ಲಿ ಏಳು ಮನೆಗೆ ಫೋನು ಹೋಗಿತ್ತು.

ಚನ್ನೇಶ್ ಸಭೆ ತಲುಪಿದಾಗ ಗಂಗಾಧರಪ್ಪನವರನ್ನು ವೇದಿಕೆಯ ಮೇಲೆ ಮಲಗಿಸಿದ್ದರು. ಇಬ್ಬರು ಅಂಗಾಲು ತಿಕ್ಕುತ್ತಿದ್ದರು, ಒಬ್ಬರು ಬಾಯಿಗೆ ಎಳನೀರು ಹಿಡಿದಿದ್ದರು.

"ನಂಗೇನಾಗೈತ್ರೋ? ಯಾವನ್ಲಾ ಹೇಳ್ದೋನು?" ಎಂದು ಅವರು ಎಳನೀರಿನ ನಡುವೆಯೇ ಕೇಳುತ್ತಿದ್ದರು.

"ಈ ಮೇಷ್ಟ್ರೇ ಕಣಣ್ಣ," ಎಂದು ಗುರುಸಿದ್ದಮ್ಮ ತೋರಿಸಿದರು.

ಚನ್ನೇಶ್ ಮೈಕಿನ ಮುಂದೆ ನಿಂತ. "ಕಾಯಿಲೆ ಇರೋದು ಪುಸ್ತಕಕ್ಕೆ. ತಪ್ಪೆಲ್ಲ ನಂದೇ. ಅವರು ಬರೆದಿದ್ದನ್ನ ಮುಟ್ಟಿ ನಾನೇ ಕೆಡಿಸಿದೀನಿ. ದಯವಿಟ್ಟು ಯಾರೂ ಓದಬೇಡಿ."

ಅದುವರೆಗೆ ಓದುವ ಯೋಚನೆಯೇ ಇಲ್ಲದ ಮಂದಿ ಕಟ್ಟು ಬಿಚ್ಚಿ ಒಂದೊಂದು ಪ್ರತಿ ತೆರೆದರು. ನಗು ಹಿಂದಿನ ಸಾಲಿನಿಂದ ಶುರುವಾಯಿತು. ಚನ್ನೇಶನೂ ಒಂದು ಪ್ರತಿ ಬಿಡಿಸಿದ.

ಒಂದೇ ಒಂದು ತೆಂಗಿನಕಾಯಿಲೆಯೂ ಇರಲಿಲ್ಲ. 'ಹಮ್ಮನಿಗೆ ಕಾಯಿಲೆ ಬಂದು ಹಾಸ್ಪತ್ರೆಗೆ ಓದೆವು. ಮನೆಯಲ್ಲಿ ಹಕ್ಕಿ ಬೇಯಿಸುವವರೂ ಇರಲಿಲ್ಲ.' ಅಚ್ಚಾಗಿದ್ದದ್ದು ಮೊಟ್ಟಮೊದಲ ಪ್ರತಿ. ಎಂಟು ತಿಂಗಳ ಕೆಲಸದ ಒಂದು ಚುಕ್ಕೆಯೂ ಅದರಲ್ಲಿರಲಿಲ್ಲ.

ಗಂಗಾಧರಪ್ಪನವರು ಅವನ ಭುಜ ಹಿಡಿದು, ನಿಜಕ್ಕೂ ನೊಂದ ದನಿಯಲ್ಲಿ, "ನಾನು ಸರಿಯಾಗೇ ಬರ್ದಿದ್ದೆ ಕಣಯ್ಯ," ಎಂದರು.

ಅಲ್ಲ ಎನ್ನಲು ಬಾಯಿ ತೆರೆದ. ಈಗ ತಾನೇ ಮೈಕಿನಲ್ಲಿ ಹೇಳಿದ್ದು ನೆನಪಾಗಿ ಮುಚ್ಚಿದ. ಅವರು ಕೊಟ್ಟ ಮಾತಿಗೆ ಮಾತ್ರ ತಪ್ಪಿರಲಿಲ್ಲ. ಮೊದಲ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿತ್ತು: 'ಹಕ್ಷರ ಹಕ್ಷರ ತಿದ್ದಿದವರು: ಚನ್ನೇಶ್.'

ಹಳೆಯ ಪ್ರತಿ ಪ್ರೆಸ್ಸಿಗೆ ಹೋದದ್ದು ಹೇಗೆ? ಅಲ್ಲಿಯವರು ತಪ್ಪು ಫೈಲು ತೆಗೆದರೋ, ಚನ್ನೇಶನೇ ತಪ್ಪು ಫೈಲು ಕಳಿಸಿದನೋ? ಕಳಿಸಿದ ಮೇಲ್ ತೆರೆದು ನೋಡಿದರೆ ತಿಳಿಯುತ್ತದೆ. ಅವನು ಇನ್ನೂ ತೆರೆದಿಲ್ಲ. ಹಾಗಾಗಿ ನನಗೂ ಗೊತ್ತಿಲ್ಲ.